ಎರಡು ಜಡೆಯ ಪಾಸ್‌ಪೋರ್ಟು

ಕೆಲವರ ಮನೆಯಲ್ಲಿ ಪ್ರವಾಸವೆಂದರೆ ಬ್ಯಾಗು ತುಂಬುವುದು, ಬೀಗ ಹಾಕುವುದು, ಹೊರಡುವುದು. ನಮ್ಮ ಮನೆಯಲ್ಲಿ ಮೈಸೂರಿಗೆ ಹೋಗಿ ಚಪ್ಪಲಿ ತರಬೇಕಾದರೂ ಮೂರು ಸಲ ಹೊರಟು ಎರಡು ಸಲ ಬಾಗಿಲಿಗೆ ವಾಪಸ್ ಬರಬೇಕು. ಹಾಗಾಗಿ ನಾವು ಸಿಂಗಾಪುರಕ್ಕೆ ಹೋಗುತ್ತಿದ್ದೇವೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಯಾರೂ ಆಶ್ಚರ್ಯಪಡಲಿಲ್ಲ. "ಯಾವ ವರ್ಷ?" ಎಂದಷ್ಟೇ ಕೇಳಿದರು.

ನಾನು ತಿ. ನರಸೀಪುರದ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು. ನಮ್ಮವರದ್ದು ಬಸ್ ಸ್ಟ್ಯಾಂಡಿನ ಹತ್ತಿರ ಪೈಪು, ಪಂಪುಸೆಟ್ಟು ಮಾರುವ ಅಂಗಡಿ. ಏಳು ವರ್ಷದ ಮಗಳು, ಮೂರು ವರ್ಷದ ಮಗ, ಹೆಮ್ಮರಗಾಲ ಎಂಬ ಹಳ್ಳಿಯಿಂದ ಬಂದು ನಮ್ಮ ಜೊತೆಗಿರುವ ಅತ್ತೆ. ಮದುವೆಯಾದ ಹತ್ತು ವರ್ಷದಲ್ಲಿ ನಾವು ಹೋದ ಪ್ರವಾಸಗಳೆಲ್ಲ ಯಾವುದಾದರೊಂದು ದೇವಸ್ಥಾನದ ಸಾಲಿನಲ್ಲೇ ಮುಗಿದಿವೆ. ಬೆಳಗಿನ ಜಾವ ತಣ್ಣೀರು ಸ್ನಾನ, ಸೊಂಟದ ಮೇಲೊಂದು ಮಗು, ಕೈಯಲ್ಲಿ ಹಣ್ಣುಕಾಯಿ. ಒಂದೇ ಒಂದು ಸಲ ಮಕ್ಕಳನ್ನು ಕರೆದುಕೊಂಡು ಒಂದು ದೊಡ್ಡ ಊರಿನಲ್ಲಿ ಐದು ದಿನ ಸುಮ್ಮನೆ ತಿರುಗಬೇಕೆಂದು ನನಗೆ ಬಹಳ ಆಸೆಯಿತ್ತು. ಈ ಆಸೆ ಹೇಗೆ ಹೇಗೆ ವಿಮಾನ ತಪ್ಪಿಸಿಕೊಳ್ಳುವ ಹಂತಕ್ಕೆ ಬಂತು ಎನ್ನುವುದೇ ಇಲ್ಲಿರುವ ಕತೆ.

ಯಾವ ಊರು

ಮೊದಲು ನಮ್ಮವರು ಬ್ಯಾಂಕಾಕ್ ಅಂದರು. ಅಲ್ಲಿ ಮಕ್ಕಳಿಗೆ ಚೆನ್ನಾಗಿರುತ್ತದಂತೆ, ಗಾಜಿನ ಸುರಂಗದಲ್ಲಿ ನಡೆದುಕೊಂಡು ನೀರೊಳಗಿನ ಮೀನನ್ನೆಲ್ಲ ನೋಡಬಹುದಂತೆ. ಈ ಮಾತನ್ನು ಅವರು ಅಂಗಡಿಯಲ್ಲೂ ಹೇಳಿದರು. ಪೈಪು ಕೊಳ್ಳಲು ಬಂದಿದ್ದ ರೈತರೊಬ್ಬರು ಕೆಲಸ ಬಿಟ್ಟು ಅವರ ಮುಖ ನೋಡಿ, "ಬ್ಯಾಂಕಾಕಿಗೆ ಎಂಡ್ರು ಮಕ್ಳು ಅವ್ವನ್ನೆಲ್ಲ ಕಟ್ಕಂಡು ಓಯ್ತಾರಾ ಸಾ?" ಎಂದರಂತೆ. ನಮ್ಮವರು ಅಂದು ಊಟಕ್ಕೆ ಬಂದಾಗ ಬ್ಯಾಂಕಾಕಿನಲ್ಲಿ ಟ್ರಾಫಿಕ್ ಜಾಸ್ತಿ ಎಂದು ಹೇಳಿದರು.

ಮಗಳು ಹಿಮ ಬೀಳುವ ಊರು ಬೇಕೆಂದಳು. ನಾನು ಸಿಂಗಾಪುರ ಅಂದೆ. ಊರು ಚೊಕ್ಕಟ, ಮೃಗಾಲಯವಿದೆ, ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಊರೆಲ್ಲ ಸುತ್ತಬಹುದು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು ಅಲ್ಲಿ ದೇವರಿದ್ದಾನೋ ಇಲ್ಲವೋ ಎಂದು ಒಂದೇ ಪ್ರಶ್ನೆ ಹಾಕಿದರು. ಮಾರಿಯಮ್ಮನ ಗುಡಿ ಇದೆ ಎಂದು ನಾನು ಒಪ್ಪಿಕೊಳ್ಳಬೇಕಾಯಿತು. ಸಿಂಗಾಪುರ ಮಂಜೂರಾದದ್ದು ಮಾರಿಯಮ್ಮನ ಶಿಫಾರಸಿನ ಮೇಲೆ.

ಫೋಟೋ

ಮಗನ ತಲೆಗೂದಲನ್ನು ಹುಟ್ಟಿದಾಗಿನಿಂದ ಕತ್ತರಿಸಿರಲಿಲ್ಲ. ನಂಜನಗೂಡಿನಲ್ಲಿ ಮುಡಿ ಕೊಡುತ್ತೇವೆಂದು ಅತ್ತೆ ಹರಕೆ ಹೊತ್ತಿದ್ದರು. ಕೊಡಬೇಕೆಂದಾಗಲೆಲ್ಲ ಒಂದು ಸಲ ಸೂತಕ, ಒಂದು ಸಲ ಅವನಿಗೆ ಜ್ವರ, ಒಂದು ಸಲ ನನಗೆ ಪರೀಕ್ಷೆಯ ಡ್ಯೂಟಿ. ಕೂದಲು ಮಾತ್ರ ಯಾರಿಗೂ ಕಾಯದೆ ಭುಜ ದಾಟಿತ್ತು.

ಪಾಸ್‌ಪೋರ್ಟಿಗೆ ಫೋಟೋ ತೆಗೆಸಲು ಸ್ಟುಡಿಯೋಗೆ ಹೋದೆವು. ಕೂದಲು ಕಣ್ಣಿಗೆ, ಕಿವಿಗೆ ಬೀಳಬಾರದು ಎಂದು ಸ್ಟುಡಿಯೋದವರು ಹೇಳಿದರು. ಅತ್ತೆ ಅಲ್ಲೇ ಸ್ಟೂಲಿನ ಮೇಲೆ ಕೂತು, ಬಾಚಣಿಗೆ ಇಸಿದುಕೊಂಡು, ನಡುವೆ ಬೈತಲೆ ತೆಗೆದು, ಬಿಗಿಯಾಗಿ ಎರಡು ಜಡೆ ಹಾಕಿ ಮಗಳ ಕೆಂಪು ರಿಬ್ಬನ್ ಕಟ್ಟಿಬಿಟ್ಟರು. ಮಲ್ಲಿಗೆ ಮುಡಿಸಲು ಹೋದದ್ದನ್ನು ಮಾತ್ರ ನಾನು ತಡೆದೆ.

ಫೋಟೋ ಕೈಗೆ ಕೊಡುವಾಗ ಸ್ಟುಡಿಯೋದವರು ಪಾಪು ಲಕ್ಷ್ಮಿಯ ಹಾಗಿದ್ದಾಳೆ ಅಂದರು. ಅದು ಗಂಡು ಎಂದು ನಮ್ಮವರು ತಿಳಿಸಿದರು. ಹಾಗಾದರೆ ಇನ್ನೊಂದು ತೆಗೆಯಲೇ ಎಂದು ಅವರು ಕೇಳಿದರು. ನಮ್ಮವರು ಫೋಟೋವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಬೇಡ ಬಿಡಿ, ಚೆನ್ನಾಗೇ ಬಂದಿದಾಳೆ" ಎಂದರು.

ರಿಹರ್ಸಲ್

ಶಾಲೆಯ ಟೈಮ್‌ಟೇಬಲ್ ಮಾಡುವುದು ನನ್ನ ಕೆಲಸವಾದ್ದರಿಂದ ಸಿಂಗಾಪುರಕ್ಕೂ ಒಂದು ಮಾಡಿದೆ. ಮೊದಲ ಪೀರಿಯಡ್ ತಿಂಡಿ, ಎರಡನೆಯದು ಪಕ್ಷಿಗಳು, ಊಟದ ಬಿಡುವು, ಮಗನ ನಿದ್ದೆ, ಕೊನೆಯ ಪೀರಿಯಡ್ ಈಜುಕೊಳ. ನಮ್ಮವರು ಅದನ್ನು ಓದಿ, ಬೆಲ್ ಹೊಡೆಯುವವರು ಯಾರು ಎಂದು ಕೇಳಿದರು.

ನನಗಿದ್ದ ಚಿಂತೆ ವಿಮಾನದ್ದು. ನಾಲ್ಕೂವರೆ ಗಂಟೆ ಮಗ ಕೂರಬೇಕು. ಅವನು ಊಟಕ್ಕೇ ನಾಲ್ಕು ನಿಮಿಷ ಕೂತವನಲ್ಲ. ಒಂದು ಭಾನುವಾರ ಹಾಲಿನಲ್ಲಿ ಆರು ಕುರ್ಚಿಗಳನ್ನು ಎರಡು ಸಾಲು ಹಾಕಿ, ನನ್ನ ವೇಲುಗಳನ್ನೇ ಬೆಲ್ಟು ಮಾಡಿ, ಮಗನನ್ನೂ ಅತ್ತೆಯನ್ನೂ ನಮ್ಮವರನ್ನೂ ಕಟ್ಟಿ ಕೂರಿಸಿದೆ. ಮಗಳು ತಟ್ಟೆಯಲ್ಲಿ ಚಕ್ಕುಲಿ ಹಿಡಿದು ಗಗನಸಖಿಯಾದಳು. ನಾನು ಗಡಿಯಾರ ಹಿಡಿದು ನಿಂತೆ.

ಹತ್ತು ನಿಮಿಷಕ್ಕೆ ಮಗ ಇಳಿಯಬೇಕೆಂದ. ನಡುವೆ ಸ್ಟಾಪಿಲ್ಲ ಎಂದು ಅವನಕ್ಕ ಹೇಳಿದಳು. ಇಪ್ಪತ್ತು ನಿಮಿಷಕ್ಕೆ ನಮ್ಮವರು ಅಂಗಡಿ ತೆಗೆಯಬೇಕೆಂದರು. ಅವರಿಗೂ ಅದೇ ಉತ್ತರ ಸಿಕ್ಕಿತು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವರು ಬಾಗಿಲಲ್ಲೇ ನಿಂತರು. ಎಲ್ಲರೂ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಒಂದೇ ಕಡೆ ಮುಖ ಮಾಡಿ ಮೌನವಾಗಿ ಕೂತಿದ್ದರು. ಆಕೆ ಏನೂ ಕೇಳದೆ ಚಪ್ಪಲಿ ಬಿಟ್ಟು ಒಳಗೆ ಬಂದು, ಖಾಲಿ ಕುರ್ಚಿಯಲ್ಲಿ ಕೂತು ಕೈಮುಗಿದರು. ಕಾಲು ಗಂಟೆಯಾದ ಮೇಲೆ ಅತ್ತೆಯ ಕಿವಿಯಲ್ಲಿ, "ಮಂಗಳಾರತಿ ಎಷ್ಟೊತ್ತಿಗೆ?" ಎಂದು ಕೇಳಿದರು.

ಮುಡಿ

ಹೊರಡಲು ಆರು ದಿನವಿತ್ತು. ಪಾಸ್‌ಪೋರ್ಟು, ವೀಸಾ, ಟಿಕೆಟ್ಟು ಎಲ್ಲ ಬೀರುವಿನಲ್ಲಿದ್ದವು. ಅಂದು ರಾತ್ರಿ ಊಟದಲ್ಲಿ ಅತ್ತೆ ಹರಕೆಯ ವಿಷಯ ತೆಗೆದರು. ಬಂದ ಮೇಲೆ ಕೊಡೋಣ ಎಂದೆ. ಫೋಟೋದಲ್ಲಿ ಎರಡು ಜಡೆ ಇದೆ, ತಲೆ ಬೋಳಿಸಿದರೆ ವಿಮಾನ ನಿಲ್ದಾಣದಲ್ಲಿ ತಡೆದುಬಿಡುತ್ತಾರೆ ಎಂದು ಬಿಡಿಸಿ ಹೇಳಿದೆ. ಅತ್ತೆ ತಲೆಯಾಡಿಸಿದರು. ಹತ್ತು ವರ್ಷದಲ್ಲಿ ಆ ತಲೆಯಾಡಿಸುವಿಕೆಯ ಅರ್ಥ ನನಗೆ ತಿಳಿದಿರಬೇಕಿತ್ತು.

ಮರುದಿನ ಸೋಮವಾರ ನಾನು ಶಾಲೆಯಿಂದ ಬಂದಾಗ ಹಾಲಿನಲ್ಲಿ ಒಂದು ಬೋಳು ತಲೆ ಓಡಾಡುತ್ತಿತ್ತು. ತಲೆ ತುಂಬ ಗಂಧ. ಅದು ಅಮ್ಮಾ ಎಂದು ಬಂದು ಕಾಲು ಹಿಡಿದ ಮೇಲೆ ನನ್ನ ಮಗನೆಂದು ಗೊತ್ತಾಯಿತು. ಟಿಕೆಟ್ಟನ್ನು ದೇವರ ಪಾದದಲ್ಲಿಟ್ಟು ಪೂಜೆ ಮಾಡಿಸಿಕೊಂಡು ಬರುತ್ತೇವೆಂದು ಅತ್ತೆ ಮಗನನ್ನೂ ಮೊಮ್ಮಗನನ್ನೂ ಹೊರಡಿಸಿಕೊಂಡು ನಂಜನಗೂಡಿಗೆ ಹೋಗಿದ್ದರು. ಕಪಿಲೆಯಲ್ಲಿ ಕಾಲು ತೊಳೆಯುವಾಗ ಮುಡಿಕಟ್ಟೆ ಕಣ್ಣಿಗೆ ಬಿತ್ತಂತೆ.

"ಅರಕೆ ಬಾಕಿ ಮಡೀಕಂಡು ಸಮುದ್ರ ದಾಟ್ಬಾರ್ದು ಕಣವ್ವ," ಎಂದರು ಅತ್ತೆ. "ಮ್ಯಾಗ್ಲಿಂದ ಇಮಾನ ಬಿದ್ರೆ ಯಾರ್ ಇಡ್ಕಂಡಾರು?"

ನಮ್ಮವರು ಪಂಪುಸೆಟ್ಟಿನ ಕ್ಯಾಟಲಾಗು ಓದುತ್ತಿದ್ದರು. ನನಗೆ ನಿಜವಾಗಿ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಅತ್ತುಬಿಟ್ಟೆ. ಸಾರಿಗೆ ಉಪ್ಪು ಹಾಕದೆ ಎಲ್ಲರಿಗೂ ಬಡಿಸಿದೆ. ಯಾರೂ ಉಪ್ಪು ಕೇಳಲಿಲ್ಲ, ತಪ್ಪು ಮಾಡಿದವರ ಮನೆಯಲ್ಲಿ ಅಷ್ಟು ತಿಳಿವಳಿಕೆ ಇರುತ್ತದೆ.

ಏಜೆಂಟು

ಮಾರನೆಯ ದಿನ ಮಗನನ್ನು ಎತ್ತಿಕೊಂಡು ಮೈಸೂರಿನ ಟ್ರಾವೆಲ್ ಏಜೆಂಟರ ಬಳಿ ಹೋದೆ. ಅವರು ಕಂಪ್ಯೂಟರಿನಲ್ಲಿ ಫೋಟೋ ತೆಗೆದು, ಮಗನನ್ನು ನೋಡಿ, ಮತ್ತೆ ಫೋಟೋ ನೋಡಿದರು.

"ಇವನಿಗೆ ಟಿಕೆಟ್ ಮಾಡಿಲ್ವಲ್ಲ ಮೇಡಂ," ಎಂದರು. "ನೀವು ಕೊಟ್ಟಿದ್ದು ಇಬ್ಬರು ಹೆಣ್ಣುಮಕ್ಕಳ ಪಾಸ್‌ಪೋರ್ಟು."

ನಾನು ಎಲ್ಲ ವಿವರಿಸಿ, ಪಾಸ್‌ಪೋರ್ಟಿನಲ್ಲಿ ಗಂಡು ಎಂದೇ ಬರೆದಿರುವುದನ್ನು ತೋರಿಸಿದೆ. ಅವರು ಕುರ್ಚಿಗೆ ಒರಗಿ ಯೋಚಿಸಿದರು. ಈಗ ಯಾವುದನ್ನೂ ಬದಲಿಸಲು ಸಮಯವಿಲ್ಲ, ಬಿಡುವುದು ತಡೆಯುವುದು ಕೌಂಟರಿನಲ್ಲಿ ಕೂತ ಅಧಿಕಾರಿಗೆ ಬಿಟ್ಟದ್ದು, ಇರುವ ಸಾಕ್ಷಿಯನ್ನೆಲ್ಲ ಜೊತೆಗಿಟ್ಟುಕೊಳ್ಳಿ ಎಂದರು. ತಡೆದರೆ ಏನು ಮಾಡುವುದು ಎಂದು ಕೇಳಿದೆ. ಒಬ್ಬರು ಮಗುವಿನ ಜೊತೆ ಉಳಿಯಬೇಕಾಗುತ್ತದೆ ಎಂದರು. ಆ ಒಬ್ಬರು ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ. ಬಾಗಿಲ ತನಕ ಬಿಡಲು ಬಂದ ಏಜೆಂಟರು ಮೆಲ್ಲಗೆ, ಅಲ್ಲಿಯವರೆಗೆ ಕೂದಲು ಬೆಳೆಯುವ ಎಣ್ಣೆ ಏನಾದರೂ ಹಚ್ಚಿ ನೋಡಿ ಎಂದರು. ಆಗ ಉಳಿದಿದ್ದದ್ದು ನಾಲ್ಕು ದಿನ.

ಕೌಂಟರು

ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ನಾನು ಒಂದು ಫೈಲು ಹಿಡಿದು ಹೋದೆ. ಅದರಲ್ಲಿ ಮಗನ ಜನನ ಪ್ರಮಾಣಪತ್ರ, ಮುಡಿ ಸೇವೆಯ ರಸೀದಿ, ಅಂಗನವಾಡಿ ಟೀಚರ ಒಂದು ಪತ್ರ ಇದ್ದವು. ಫೋನಿನಲ್ಲಿ ನಮ್ಮವರು ಮುಡಿಕಟ್ಟೆಯಲ್ಲಿ ತೆಗೆದ ವಿಡಿಯೋ ಇತ್ತು. ಇಂಗ್ಲಿಷಿನಲ್ಲಿ ಹೇಳಬೇಕಾದ ಆರು ವಾಕ್ಯ ಬಾಯಿಪಾಠ ಮಾಡಿದ್ದೆ.

ಕೌಂಟರಿನ ಅಧಿಕಾರಿ ನಡುವಯಸ್ಸಿನವರು, ಮುಖದಲ್ಲಿ ನಗುವಿಲ್ಲ. ಐದು ಪಾಸ್‌ಪೋರ್ಟುಗಳನ್ನು ಸಾಲಾಗಿ ಇಟ್ಟುಕೊಂಡರು. ನನ್ನದು, ಮಗಳದು, ಅತ್ತೆಯದು ಆಯಿತು. ನಾಲ್ಕನೆಯದನ್ನು ತೆರೆದವರ ಕೈ ಅಲ್ಲೇ ನಿಂತಿತು. ಎದ್ದು ಬಾಗಿ ಕೌಂಟರಿನಿಂದ ಕೆಳಗೆ ನೋಡಿದರು. ಕೆಳಗೆ ಮಗ ತಲೆ ಸವರಿಕೊಳ್ಳುತ್ತ ನಿಂತಿದ್ದ.

ನನ್ನ ಆರು ವಾಕ್ಯದಲ್ಲಿ ಒಂದೂ ಬರಲಿಲ್ಲ. ಅಷ್ಟರಲ್ಲಿ ಅತ್ತೆ ಮುಂದೆ ಬಂದು, "ನಂಜನಗೂಡಲ್ಲಿ ಮುಡಿ ಕೊಟ್ಟೊ ಕಣಪ್ಪ, ಅರಕೆ ಇತ್ತು," ಎಂದರು. ಅಧಿಕಾರಿ ಕನ್ನಡದವರೇ ಇರಬೇಕು, ಹೂಂ ಅಂದರು. ನಾನು ಫೈಲು ಕೊಟ್ಟೆ, ವಿಡಿಯೋ ಹಾಕಿದೆ. ಅದರಲ್ಲಿ ಮಗ ಮೂರು ನಿಮಿಷ ಕಿರುಚಿದ್ದು ಸಾಲಿನಲ್ಲಿದ್ದವರೆಲ್ಲರಿಗೂ ಕೇಳಿಸಿತು. ಅಧಿಕಾರಿ ಪೂರ್ತಿ ನೋಡಿ, ಫೋಟೋದ ಕಣ್ಣು, ಮೂಗು, ಕಿವಿ ಹೋಲಿಸಿ, ಮಗನ ಹೆಸರು ಕೇಳಿದರು. ಅವನು ಹೇಳಿದ. ಸೀಲು ಬಿತ್ತು.

ನನ್ನ ಕಣ್ಣಲ್ಲಿ ನೀರು ಬಂತು. ಐದು ದಿನದಿಂದ ಹಿಡಿದಿಟ್ಟಿದ್ದ ಉಸಿರು ಬಿಟ್ಟೆ. ಮಗನನ್ನು ಎತ್ತಿಕೊಂಡು ಒಂದು ಹೆಜ್ಜೆ ಮುಂದೆಯೂ ಇಟ್ಟೆ.

ಅಧಿಕಾರಿ ಐದನೆಯ ಪಾಸ್‌ಪೋರ್ಟು ತೆರೆದರು. ಅದು ನಮ್ಮವರದು. ಎಂಟು ವರ್ಷದ ಹಿಂದೆ ಪಂಪುಸೆಟ್ಟಿನ ಕಂಪನಿಯೊಂದು ಡೀಲರುಗಳನ್ನು ವಿದೇಶಕ್ಕೆ ಕಳಿಸುತ್ತೇನೆ ಎಂದಾಗ ಮಾಡಿಸಿದ್ದು. ಆ ಫೋಟೋದಲ್ಲಿ ಹಣೆಯ ಮೇಲೆ ಇಳಿಬಿದ್ದ ದಟ್ಟ ಗುಂಗುರು ಕೂದಲು. ಈಗ ಹಣೆಯಿಂದ ಹಿಡಿದು ಹಿಂದಲೆಯವರೆಗೆ ಒಂದೆಳೆಯಿಲ್ಲ, ವಿಮಾನ ನಿಲ್ದಾಣದ ಲೈಟೆಲ್ಲ ಅಲ್ಲೇ ಹೊಳೆಯುತ್ತಿತ್ತು. ದಿನಾ ನೋಡುವ ತಲೆಯಾದ್ದರಿಂದ ನಮಗ್ಯಾರಿಗೂ ಇದು ಹೊಳೆದಿರಲೇ ಇಲ್ಲ. ಅದಕ್ಕೆ ನನ್ನ ಫೈಲಿನಲ್ಲಿ ಒಂದು ಕಾಗದವೂ ಇರಲಿಲ್ಲ.

ಅಧಿಕಾರಿ ಫೋಟೋ ನೋಡಿದರು, ನಮ್ಮವರನ್ನು ನೋಡಿದರು, ಕೊನೆಗೆ ಅತ್ತೆಯ ಕಡೆ ತಿರುಗಿದರು.

"ಇವರೂ ಮುಡಿ ಕೊಟ್ರಾ ಅಜ್ಜಿ?"

"ಇಲ್ಲ ಕಣಪ್ಪ," ಎಂದರು ಅತ್ತೆ, "ಇವನು ಕೊಡ್ನಿಲ್ಲ. ದೇವ್ರೇ ಇಸ್ಕಂಡ."