ಕಿಟಕಿ ಹಾರಿದವನೂ ಕಿಟಕಿ ಮುಚ್ಚಿದವಳೂ

"ಇನ್ನು ಮುಂದೆ ಮೆಟ್ಟಿಲು ಇಳಿದು ಬದುಕೋ ಜಾತಿ ನಂದಲ್ಲ" ಎಂದು ನೆಬೊಯ್ಶಾ ಬೆಲ್‌ಗ್ರೇಡಿನ ತನ್ನ ಬೀದಿಯ ಕಾಫಿ ಅಂಗಡಿಯಲ್ಲಿ ಘೋಷಿಸಿದ. ಅವನ ಹೆಸರಿಗೇ ಅಂಜದವನು ಎಂದರ್ಥ. ಅಂಥ ಹೆಸರು ಹೊತ್ತು ಮನೆಮನೆಯ ನೀರಿನ ಮೀಟರು ಓದುತ್ತ ತಿರುಗುವುದು ಕುಲಕ್ಕೇ ಕಳಂಕವೆಂದು ಅವನಿಗೆ ಥಟ್ಟನೆ ಹೊಳೆದಿತ್ತು. ಆ ನೌಕರಿಗೆ ಎಳ್ಳುನೀರು ಬಿಟ್ಟು, ಸಿನಿಮಾದ ನಾಯಕರ ಬದಲಿಗೆ ಬೀಳುವ, ಉರುಳುವ, ಹಾರುವ ಸ್ಟಂಟ್ ಕಸುಬಿಗೆ ಇಳಿದೇಬಿಟ್ಟ.

ಸ್ಟಂಟ್ ತಂಡದ ಯಜಮಾನ ಸ್ತೋಯನ್‌ನ ಮೈಯಲ್ಲಿ ಮುರಿಯದ ಮೂಳೆಯೇ ಉಳಿದಿರಲಿಲ್ಲ. ಆತ ಹೆಚ್ಚು ಮಾತಾಡುವವನಲ್ಲ.

"ರೌಡಿಗಳು ಬಾಗಿಲು ಒಡೀತಾರೆ. ನಾಯಕ ಎರಡನೇ ಮಹಡಿ ಕಿಟಕಿಯಿಂದ ಹಾರ್ತಾನೆ. ಅಂದ್ರೆ ನೀನು ಹಾರ್ತೀಯ. ಸರಿಯಾಗಿ ಹಾರಿದ್ರೆ ತಂಡದಲ್ಲಿ ಜಾಗ. ಇಲ್ಲಾಂದ್ರೆ ಮೀಟರು ನಿನಗಾಗಿ ಕಾಯ್ತಾ ಇರ್ತವೆ."

ಅಂಗಳಕ್ಕೆ ಮುಖ ಮಾಡಿದ, ಎರಡನೇ ಮಹಡಿಯ ಹಳೆಯ ಮನೆಯೊಂದು ಬೇಕಿತ್ತು, ಎಲ್ಲೂ ಸಿಕ್ಕಿರಲಿಲ್ಲ. ಯಜಮಾನನನ್ನು ಒಲಿಸಿಕೊಳ್ಳುವ ಆತುರದಲ್ಲಿ ನೆಬೊಯ್ಶಾ, "ನಮ್ಮಮ್ಮನ ಮನೇನೇ ಇದೆಯಲ್ಲ" ಎಂದುಬಿಟ್ಟ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದದ್ದು ಹೀಗೆ. ಅಮ್ಮ ದೇಸಾಂಕಾಗೆ ಮಾತ್ರ, ಸಿನಿಮಾದವರು ಬಂದು ಒಂದಿಷ್ಟು ಮಾತಿನ ದೃಶ್ಯ ತೆಗೆದುಕೊಂಡು ಹೋಗುತ್ತಾರೆ ಎಂದಷ್ಟೇ ಹೇಳಿದ. ಹಾರುವ ವಿಷಯ ಎತ್ತಲು ಅಂಜದವನಿಗೆ ಧೈರ್ಯ ಸಾಲಲಿಲ್ಲ.

ಚಿತ್ರೀಕರಣದ ಬೆಳಿಗ್ಗೆ ದೇಸಾಂಕಾ ಹೊಸಿಲಲ್ಲೇ ಎಲ್ಲರನ್ನೂ ತಡೆದಳು.

"ಬೂಟು ಹೊರಗೆ."

"ಅಮ್ಮಾ, ನಾವು ಕೊಲ್ಲೋಕೆ ಬರೋ ರೌಡಿಗಳು" ಎಂದ ಪಿಸ್ತೂಲು ಹಿಡಿದ ದಾಂಡಿಗನೊಬ್ಬ.

"ಕೊಲ್ಲಪ್ಪಾ, ಬೇಡ ಅಂದೋರ್ಯಾರು. ನೆಲಕ್ಕೆ ನಿನ್ನೆ ತಾನೇ ಮೇಣ ತಿಕ್ಕಿದೀನಿ."

ಕೊಲೆಗಡುಕರು ಉಣ್ಣೆಯ ಮನೆಚಪ್ಪಲಿ ಮೆಟ್ಟಿ, ಸಾಲಾಗಿ ಕುಳಿತು, ಮನೆಗೆ ಬಂದವರಿಗೆ ಕೊಡುವ ರೂಢಿಯಂತೆ ಅವಳು ಕೊಟ್ಟ ಗುಲಾಬಿ ಎಸಳಿನ ಪಾಕವನ್ನು ಒಂದೊಂದೇ ಚಮಚ ಬಾಯಿಗಿಟ್ಟು ನೀರು ಕುಡಿದರು. ಅಂಗಳದ ಕ್ಯಾಮೆರಾಕ್ಕೆ ಪಾದಗಳು ಕಾಣುವುದಿಲ್ಲವೆಂದು ನಿರ್ದೇಶಕ ಸುಮ್ಮನಾದ. ನಾಯಕನ ಉಡುಪಿನಲ್ಲಿದ್ದ ನೆಬೊಯ್ಶಾನ ಕಾಲಿಗೂ ಮನೆಚಪ್ಪಲಿಯೇ ಬಂತು. ಅಂಗಳದಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಒಟ್ಟಿ ಮೇಲೆ ಹಾಸಿಗೆ ಹಾಕಿದ್ದರು. ಕಿಟಕಿ ತೆರೆಯಿತು. ದೇಸಾಂಕಾ ಅಡಿಗೆಮನೆಯಲ್ಲಿ ಕಾಫಿ ಕಾಯಿಸುತ್ತಿದ್ದಳು.

"ಆ್ಯಕ್ಷನ್" ಎಂಬ ಕೂಗು ಬಂತು. ರೌಡಿಗಳು ಬಾಗಿಲನ್ನು ಒದ್ದು ತೆರೆದರು. ಆ ಕಡೆ ಬಾಗಿಲು, ಈ ಕಡೆ ಕಿಟಕಿ, ನಡುವೆ ಎದುರುಬದುರು ಗಾಳಿ ಸುಯ್ಯೆಂದು ಹಾದುಹೋಯಿತು. ಬೆಲ್‌ಗ್ರೇಡಿನ ತಾಯಂದಿರು ಯುದ್ಧಕ್ಕೆ ಹೆದರಿದವರಲ್ಲ, ಬರಗಾಲಕ್ಕೆ ಹೆದರಿದವರಲ್ಲ. ಈ ಗಾಳಿಗೆ ಮಾತ್ರ ಹೆದರುತ್ತಾರೆ. ಕತ್ತು ಹಿಡಿಯುವುದು, ಕಿವಿ ಸೋರುವುದು, ಸೊಂಟ ಕಟ್ಟುವುದು, ಮದುವೆ ಮುರಿಯುವುದು, ಎಲ್ಲಕ್ಕೂ ಇದೇ ಮೂಲ. ದೇಸಾಂಕಾಳ ಕತ್ತಿಗೆ ಅದು ತಗುಲಿತು. ಅಡಿಗೆಮನೆಯಿಂದ ಧಾವಿಸಿ ಬಂದವಳೇ ಕಿಟಕಿಯನ್ನು ಧಡಾರನೆ ಮುಚ್ಚಿ ಅಗುಳಿ ಹಾಕಿದಳು.

ಇತ್ತ ನೆಬೊಯ್ಶಾ ಜೀವ ಕೈಯಲ್ಲಿ ಹಿಡಿದು ಓಡಿ ಬರುತ್ತಿದ್ದ. ಮುಚ್ಚಿದ ಗಾಜು ಕಂಡು ನಿಲ್ಲಲು ನೋಡಿದ. ಅವನು ನಿಂತ, ಚಪ್ಪಲಿ ನಿಲ್ಲಲಿಲ್ಲ. ಮೇಣದ ನೆಲದ ಮೇಲೆ ಜಾರಿ ಮೇಜಿನಡಿಗೆ ಹೋಗಿ, ಮೇಜುಬಟ್ಟೆಯನ್ನೂ ಪಾಕದ ಬಟ್ಟಲನ್ನೂ ತಲೆಯ ಮೇಲೆ ಎಳೆದುಕೊಂಡ.

"ಮನೆಯೊಳಗೆ ಓಡಬೇಡ ಅಂತ ಎಷ್ಟು ಸಲ ಹೇಳೋದು ನಿಂಗೆ?" ಎಂದಳು ಅಮ್ಮ.

ಸ್ತೋಯನ್ ಕೆಮ್ಮಿದ. "ಅಮ್ಮಾ, ಆ ಕಿಟಕಿ ತೆರೆದಿರಬೇಕು."

"ಯಾಕೆ?"

"ಹಾರೋದಕ್ಕೆ."

"ಯಾರು ಹಾರೋದು?"

ರೌಡಿಗಳೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಮೇಜಿನಡಿಯಿಂದ ಒಂದು ಕೈ ಮೇಲೆದ್ದಿತು. ನೆಬೊಯ್ಶಾಗೆ ನಿಜಕ್ಕೂ ಭಯವಾಗಿತ್ತು. ಅವಳೊಮ್ಮೆ ಬೇಡವೆಂದರೆ ಮುಗಿಯಿತು, ನಾಳೆಯಿಂದ ಮತ್ತೆ ಮೀಟರೇ ಗತಿ.

ದೇಸಾಂಕಾ ಕಿಟಕಿ ತೆರೆದು ಕೆಳಗಿನ ಪೆಟ್ಟಿಗೆಗಳನ್ನು ನೋಡಿದಳು. ಮಗನನ್ನು ಹೊರಗೆಳೆದು, ಅವನ ತಲೆ ಮುಟ್ಟಿದಳು. ಬೆವರು ಕಾಣಲೆಂದು ಮೇಕಪ್ಪಿನವರು ಅವನ ಕೂದಲಿಗೆ ನೀರು ಚಿಮುಕಿಸಿದ್ದರು.

"ಒದ್ದೆ ತಲೇಲಿ? ಈ ಗಾಳೀಲಿ?" ಅವಳು ಸಿನಿಮಾದವರತ್ತ ತಿರುಗಿದಳು. "ನಿಮಗೇನು ಮಕ್ಕಳು ಮರಿ ಇಲ್ವೇನ್ರೋ?"

"ಅಮ್ಮ, ಎರಡನೇ ಮಹಡಿಯಿಂದ ಹಾರ್ತಿದೀನಿ" ಎಂದ ನೆಬೊಯ್ಶಾ, ತುಸು ನೊಂದು.

"ಹಾರು. ನಿಮ್ಮಪ್ಪ ಕುಡಿದು ಇದೇ ಕಿಟಕಿಯಿಂದ ಬಿದ್ದು ಎದ್ದು ಬಂದು ಸೂಪು ಕುಡಿದಿದ್ರು. ಮೊದಲು ತಲೆ ಒರೆಸ್ಕೋ."

ಸಂಧಾನ ನಡೆಯಿತು. ತಲೆ ಒಣಗಬೇಕು, ಒಳಂಗಿಯನ್ನು ಚಡ್ಡಿಯೊಳಗೆ ಸಿಕ್ಕಿಸಬೇಕು. ಪರದೆಯ ಮರೆಯಲ್ಲಿ ಅವಳು ನಿಲ್ಲಬಹುದು, ಆದರೆ ಅವನು ಹಾರುವವರೆಗೆ ಕಿಟಕಿ ಮುಟ್ಟಕೂಡದು.

"ಹಾರಿದ ಮೇಲೆ?"

"ಹಾರಿದ ಮೇಲೆ ನಿಮ್ಮಿಷ್ಟ" ಎಂದುಬಿಟ್ಟ ಸ್ತೋಯನ್, ಬೇಗ ಮುಗಿದರೆ ಸಾಕೆಂದು.

ನೆಬೊಯ್ಶಾ ಓಡಿದ. ಹಾರಿದ. ಅವನ ಬದುಕಿನಲ್ಲಿ ಅಷ್ಟು ಚೆಂದದ ಕೆಲಸ ಹಿಂದೆ ಎಂದೂ ಆಗಿರಲಿಲ್ಲ. ಗಾಳಿಯಲ್ಲಿ ಮೈ ತಿರುಗಿಸಿ, ಬೆನ್ನು ಕೊಟ್ಟು, ಪೆಟ್ಟಿಗೆಗಳ ನಟ್ಟನಡುವೆ ಬಿದ್ದ. ಮಲಗಿದಲ್ಲೇ ಹೆಮ್ಮೆಯಿಂದ ಕಣ್ಣು ತುಂಬಿ ಮೇಲೆ ನೋಡಿದ. ಹೂವಿನ ನಿಲುವಂಗಿಯ ಒಂದು ದುಂಡು ತೋಳು ಹೊರಬಂದು, ನಿಧಾನವಾಗಿ ಎರಡೂ ಕದಗಳನ್ನು ಎಳೆದು ಮುಚ್ಚಿಕೊಂಡಿತು. ಕ್ಯಾಮೆರಾ ಇನ್ನೂ ಓಡುತ್ತಿತ್ತು.

ನಿರ್ದೇಶಕ ನೆಲದ ಮೇಲೆ ಕೂತು ನಕ್ಕ. ಮತ್ತೊಮ್ಮೆ ತೆಗೆಯುವ ಮಾತೇ ಬರಲಿಲ್ಲ.

"ನಾನು ಹಾರಿದ್ದು ಹೇಗಿತ್ತು?" ಎಂದು ನೆಬೊಯ್ಶಾ ಸ್ತೋಯನ್‌ನನ್ನು ಕೇಳಿದ.

"ಯಾರೂ ನಿನ್ನ ನೋಡ್ಲಿಲ್ಲ. ನಮ್ಮ ಕಸುಬಿಗೆ ಅದೇ ಬೇಕಾದ್ದು. ಸೋಮವಾರ ಬಾ."

ಸಿನಿಮಾ ಬಂದಾಗ ಇಡೀ ಬೀದಿಯೇ ಹೋಗಿ ನೋಡಿತು. ತೋಳು ಹೊರಬಂದ ಕ್ಷಣ ಚಿತ್ರಮಂದಿರ ಚಪ್ಪಾಳೆಯಿಂದ ಬಿರಿಯಿತು. ಪಕ್ಕದ ಮನೆಯ ಮಿಲೆವಾ ದೇಸಾಂಕಾಳನ್ನು ಅಪ್ಪಿಕೊಂಡು ಕೆನ್ನೆಗೆ ಮೂರು ಸಲ ಮುತ್ತಿಟ್ಟಳು.

"ಏನು ಅಭಿನಯ ಅಕ್ಕ ನಿಂದು! ಅಂದಹಾಗೆ, ನಿನಗಿಂತ ಮೊದಲು ಕಿಟಕೀಲಿ ಹೋದ್ನಲ್ಲ, ಅವನ್ಯಾರು?"

ಹಿಂದಿನ ಸಾಲಿನಲ್ಲಿದ್ದ ನೆಬೊಯ್ಶಾ ಎದೆಯುಬ್ಬಿಸಿ ಮುಂದಕ್ಕೆ ಬಾಗಿದ.

ದೇಸಾಂಕಾ ಕತ್ತಿನ ಶಾಲು ಬಿಗಿದುಕೊಂಡಳು. "ಯಾರೋ ಮನೆ ಮರ್ಯಾದೆ ಗೊತ್ತಿಲ್ಲದೋನು. ಹೋಗ್ತಾ ಕಿಟಕಿ ತೆಗೆದಿಟ್ಟು ಹೋದ."