ದಪ್ಪ ಅಕ್ಷರದ ಸಕ್ಕರೆ

ರಕ್ತ ಪರೀಕ್ಷೆಯ ವರದಿಯಲ್ಲಿ ಎಲ್ಲ ಸರಿಯಾಗಿದೆ ಎಂದು ತಿಳಿದು ಅಳುಮೋರೆ ಹಾಕುವವರು ಯಾರಾದರೂ ಇದ್ದರೆ ಅದು ನಾನೇ. ಎರಡು ವರ್ಷದಿಂದ ಆಯಾಸ ನನ್ನ ಜೊತೆ ಸಂಸಾರ ಹೂಡಿದೆ. ಎಂಟು ತಾಸು ಮಲಗಿ ಎದ್ದರೂ ಮೈ ಭಾರ. ಟಿಕೋಟಾದ ಶಾಲೆಯಲ್ಲಿ ಮೂರನೆಯ ತರಗತಿಗೆ ಮಗ್ಗಿ ಹೇಳಿಕೊಟ್ಟು ವಿಜಯಪುರಕ್ಕೆ ಮರಳಿದರೆ, ಗಾಂಧಿ ಚೌಕದಲ್ಲಿ ಬಸ್ಸಿನ ಎರಡು ಮೆಟ್ಟಿಲು ಇಳಿಯಲೂ ದೇವರನ್ನು ನೆನೆಯಬೇಕು. ವರದಿ ಮಾತ್ರ ಪ್ರತಿ ಸಲವೂ ಚೊಕ್ಕ. ರಕ್ತ ಸಾಕಷ್ಟಿದೆ, ಥೈರಾಯ್ಡ್ ನೆಟ್ಟಗಿದೆ. ನಮ್ಮ ಅತ್ತೆಯವರು ಆ ಕಾಗದವನ್ನು ತಿರುವಿ ಹಾಕಿ, "ಏನೂ ಇಲ್ಲಂತ ಬರದಾರಲ್ಲ ಬೇ. ಮೈಗಳ್ಳತನಕ್ಕ ಗುಳಿಗಿ ಇರಂಗಿಲ್ಲ" ಎನ್ನುತ್ತಿದ್ದರು. ನನಗೆ ಗುಳಿಗೆ ಬೇಕಿರಲಿಲ್ಲ. ನಾನು ಸೋಗು ಹಾಕುತ್ತಿಲ್ಲ ಎಂದು ಈ ಮನೆಯಲ್ಲಿ ಒಬ್ಬರಾದರೂ ನಂಬಿದರೆ ಸಾಕಿತ್ತು.

ಕಳೆದ ತಿಂಗಳು ಮತ್ತೊಂದು ಪರೀಕ್ಷೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕೆಂದು ವೈದ್ಯರು ತಾಕೀತು ಮಾಡಿದ್ದರು. ನಾನು ಶಿಸ್ತಿನವಳು, ಒಂದು ತುತ್ತೂ ಬಾಯಿಗಿಡಲಿಲ್ಲ. ಚಹಾ ಕುಡಿದೆ, ಅಷ್ಟೇ. ಅತ್ತೆ ಎರಡು ಸಲ ಕೊಟ್ಟರು, ಎರಡು ಸಲ ಕುಡಿದೆ. ನಮ್ಮ ಮನೆಯಲ್ಲಿ ಏಕಾದಶಿಯ ಉಪವಾಸಕ್ಕೇ ಚಹಾ ಅಡ್ಡ ಬರುವುದಿಲ್ಲ. ಲ್ಯಾಬಿನ ಉಪವಾಸ ಏಕಾದಶಿಗಿಂತ ದೊಡ್ಡದೇ? ರಕ್ತ ತೆಗೆಯುವಾಕೆ "ಹೊಟ್ಟಿಗೇನೂ ತಗೊಂಡಿಲ್ಲಲ್ರಿ?" ಎಂದಾಗ "ಏನೂ ಇಲ್ರಿ" ಎಂದು ಎದೆ ತಟ್ಟಿ ಹೇಳಿದೆ.

ಸಂಜೆ ಮೊಬೈಲಿಗೆ ವರದಿ ಬಂತು. ಸಕ್ಕರೆಯ ಅಂಕಿ ದಪ್ಪ ಅಕ್ಷರದಲ್ಲಿ! ಪಕ್ಕದಲ್ಲಿ ಮೇಲಕ್ಕೆ ಹೋಗುವ ಬಾಣ ಬೇರೆ! ಸಂತೋಷಕ್ಕೆ ಕಣ್ಣಲ್ಲಿ ನೀರೇ ಬಂತು. ಕೊನೆಗೂ ನನ್ನ ಹತ್ತಿರ ಹೆಸರುಳ್ಳ ಒಂದು ರೋಗವಿತ್ತು! ಬಬಲೇಶ್ವರದ ತವರಿಗೆ ಫೋನ್ ಮಾಡಿ "ಯವ್ವಾ, ನನಗ ಸಕ್ರಿ ಬ್ಯಾನಿ ಬಂದೈತಿ!" ಎಂದು ಕುಣಿದಾಡುತ್ತ ಹೇಳಿದೆ. ಅವ್ವ "ಅದಕ್ಯಾಕ ಇಷ್ಟ ಹಿಗ್ಗಾಕತ್ತೀ?" ಎಂದಳು. ಅತ್ತೆಯವರಂತೂ ಕರಗಿ ನೀರಾದರು. "ನೀ ಕುಂದ್ರವ್ವಾ, ನನಗ ತಿಳೀಲಿಲ್ಲ" ಎಂದು ಮೂರು ದಿನ ಜೋಳದ ರೊಟ್ಟಿ ತಾವೇ ಬಡಿದರು. ಆಹಾ, ಮಂಚದ ಮೇಲೆ ಕುಳಿತು ಇನ್ನೊಬ್ಬರು ರೊಟ್ಟಿ ಬಡಿಯುವ ಸಪ್ಪಳ ಕೇಳುವ ಸುಖವೇ ಸುಖ!

ನಾಲ್ಕನೆಯ ದಿನ ವರದಿ ನೋಡಿದ ವೈದ್ಯರು ಕೆದಕಿ ಕೆದಕಿ ಚಹಾದವರೆಗೆ ಬಂದರು.

"ಎಷ್ಟ ಚಮಚ ಸಕ್ರಿ ಹಾಕ್ತೀರ್ರಿ?"

"ಎರಡ್ರಿ. ಒಂದ ಕಪ್ಪಿಗೆ."

ಅವರು ಪೆನ್ನು ಕೆಳಗಿಟ್ಟರು. ಮರುದಿನ ಬರೀ ನೀರು ಕುಡಿದು ಮತ್ತೆ ರಕ್ತ ಕೊಟ್ಟೆ. ವರದಿ ಚೊಕ್ಕ, ನನ್ನ ರಾಜ್ಯಭಾರ ಮುಗಿಯಿತು. ನನ್ನ ಮೋರೆ ನೋಡಿ ವೈದ್ಯರೇ ಸಮಾಧಾನ ಹೇಳಿದರು: "ಅಕ್ಕಾರ, ಕೆಲವು ಬ್ಯಾನಿ ಇಲ್ಲಂತ ಅಷ್ಟ ಈ ಕಾಗದ ಹೇಳತೈತ್ರಿ. ನಿಮ್ಮ ದಣಿವು ಸುಳ್ಳಂತ ಹೇಳಂಗಿಲ್ಲ." ಆಟೋದಲ್ಲಿ ಮನೆ ಮುಟ್ಟುವವರೆಗೂ ಆ ಮಾತನ್ನು ಬಾಯಿಪಾಠ ಮಾಡಿದೆ.

ರೊಟ್ಟಿ ಬಡಿಯುತ್ತಿದ್ದ ಅತ್ತೆಯವರಿಗೆ ಒಂದಕ್ಷರ ಬಿಡದೆ ಒಪ್ಪಿಸಿದೆ. ಅವರು ಪೂರ್ತಿ ಕೇಳಿ, ಕೈಗೆ ಹತ್ತಿದ ಹಿಟ್ಟು ಕೊಡವಿದರು. "ಹಂಗಾದ್ರ ಕಾಗದದಾಗ ಕಾಣದ ದಣಿವೂ ಇರತೈತಿ ಅನ್ನು. ನಿನ್ನ ಗಂಡ ಹುಟ್ಟಿದಾಗಿಂದ ನನಗೂ ಹಿಂಗ ಆಗತೈತಿ ಬೇ. ಯಾರ ಮುಂದೂ ಅಂದಿಲ್ಲ" ಎಂದವರೇ ಮಂಚದ ಮೇಲೆ ಉದ್ದಕ್ಕೆ ಮಲಗಿಬಿಟ್ಟರು. ಹಂಚು ಕಾಯುತ್ತಿತ್ತು, ಹಿಟ್ಟು ಇನ್ನೂ ಅರ್ಧ ಉಳಿದಿತ್ತು. ಎರಡು ವರ್ಷ ದಣಿವನ್ನು ಉಂಡು ಉಟ್ಟವಳು ನಾನು. ಹೋಗಿ ಅವರ ಕಾಲು ಒತ್ತಬೇಕಿತ್ತು. ಆದರೆ ನನ್ನ ಬಾಯಿಂದ ಹೊರಟದ್ದೇ ಬೇರೆ:

"ಅತ್ತೀ, ನೀವು ರಕ್ತ ತಪಾಸ ಮಾಡಿಸೀರೇನ್ರಿ?"