ಇಂಡಿಕೇಟರ್ ಬಿಚ್ಚಿದ ಮೇಷ್ಟ್ರು

ಹಾಲಿನವನು ಸೈಕಲ್ಲಿನಲ್ಲಿ ಬಂದು, ಟ್ರಿಣ್ ಅಂತ ಬೆಲ್ ಬಾರಿಸಿ, ತಮ್ಮ ಕೆಂಪು ಮೋಟರ್‌ಸೈಕಲ್ಲನ್ನು ದಾಟಿಕೊಂಡು ಹೋದದ್ದರಲ್ಲಿ ಡ್ರೈವಿಂಗ್ ಸ್ಕೂಲ್ ಮೇಷ್ಟ್ರಿಗೆ ಯಾವ ಅವಮಾನವೂ ಕಾಣಲಿಲ್ಲ. ರಸ್ತೆ ಎಲ್ಲರಿಗೂ ಸೇರಿದ್ದು. ಆದರೆ ಹಿಂದೆ ಕೂತಿದ್ದ ಹೆಂಡತಿ ಆ ಹಾಲಿನವನಿಗೆ ಕೈ ಬೀಸಿ, “ಅಣ್ಣಾ, ಹಾಗೇ ಮುಂದೆ ನಮ್ಮಕ್ಕನ ಮನೆ ಸಿಗುತ್ತೆ, ‘ಅವರಿಬ್ರೂ ಹೊರಟಿದಾರೆ, ಊಟಕ್ಕೆ ಕಾಯಬೇಡಿ’ ಅಂತ ಒಂದು ಮಾತು ಹೇಳಿಬಿಡಪ್ಪ” ಅಂದಳಲ್ಲ, ಅದು ಮಾತ್ರ ನೆಟ್ಟಗೆ ಹೋಗಿ ಎದೆಗೆ ನಾಟಿತು.

ಮೇಷ್ಟ್ರು ಅಂದರೆ ಅಂಥಿಂಥ ಮೇಷ್ಟ್ರಲ್ಲ. ಅರ್ಧ ಊರಿಗೆ ಕ್ಲಚ್ಚು ಬ್ರೇಕಿನ ವ್ಯತ್ಯಾಸ ತಿಳಿಸಿಕೊಟ್ಟ ಮಹಾನುಭಾವರು. ಅವರ ಸ್ಕೂಲಿನ ಗೋಡೆಯ ಮೇಲೆ ‘ನಿಧಾನವೇ ಪ್ರಧಾನ’ ಅಂತ ದಪ್ಪಕ್ಷರದಲ್ಲಿ ಬರೆಸಿತ್ತು. ಅದನ್ನು ನೋಡಿ ನೋಡಿ ಹುಡುಗರು ಅವರಿಗೆ ‘ನಿಧಾನ ಮೇಷ್ಟ್ರು’ ಅಂತಲೇ ನಾಮಕರಣ ಮಾಡಿದ್ದರು. (ಮೇಷ್ಟ್ರು ಅದನ್ನು ಬಿರುದು ಅಂತ ತಿಳಿದುಕೊಂಡಿದ್ದರು.) ಇಂಥವರ ಹೆಂಡತಿ ಟೈಲರಮ್ಮ. ಮನೆಯ ಮುಂಗೋಣೆಯಲ್ಲೇ ಹೊಲಿಗೆ ಮಿಷನ್ನು ಹಾಕಿಕೊಂಡು ಕೂತ ಜೀವ. ಕೈ ಎಷ್ಟು ಚುರುಕೋ ಬಾಯಿ ಅದರ ಎರಡರಷ್ಟು.

“ನನ್ನ ಮಿಷನ್ನು ಕೂತಲ್ಲೇ ಕೂತು ನಿಮ್ಮ ಗಾಡಿಗಿಂತ ಜೋರಾಗಿ ಓಡುತ್ತೆ ಕಣ್ರೀ” ಅಂತ ಅವತ್ತು ಮನೆಗೆ ವಾಪಸ್ಸು ಬಂದ ಮೇಲೂ ಒಂದು ಒಗ್ಗರಣೆ ಹಾಕಿದಳು.

ಮೇಷ್ಟ್ರು ಪ್ರತಿಜ್ಞೆ ಮಾಡಿಬಿಟ್ಟರು. ಊರಾಚೆ ಒಂದು ರೇಸ್ ಟ್ರ್ಯಾಕ್ ಇತ್ತು. ರಜಾದಿನಗಳಲ್ಲಿ ಅಲ್ಲಿಗೆ ನಮ್ಮ ನಿಮ್ಮಂಥವರನ್ನೂ ಬಿಡುತ್ತಾರೆ ಅಂತ ಶಿಷ್ಯನೊಬ್ಬ ಹೇಳಿದ್ದ. ಸ್ಪರ್ಧೆಯಿಲ್ಲ, ಬಹುಮಾನವಿಲ್ಲ. ಎದುರಿಗೆ ಬಸ್ಸು ಬರಲ್ಲ, ದನ ಅಡ್ಡ ಬರಲ್ಲ. ಅವರವರ ಗಾಡಿ, ಅವರವರ ಧೈರ್ಯ. ಮೇಷ್ಟ್ರು ಹೆಸರು ಕೊಟ್ಟು ಬಂದರು. ಹೆಂಡತಿಗೆ ವಿಷಯ ತಿಳಿಸಲು ಒಳ್ಳೇ ಮುಹೂರ್ತವನ್ನೇ ಹುಡುಕಿದರು. ಅವಳು ಯಾವುದೋ ಬಟ್ಟೆಗೆ ಅಂಚು ಮಡಿಚುತ್ತಾ ಬಾಯಿ ತುಂಬಾ ಗುಂಡುಪಿನ್ನು ಕಚ್ಚಿಕೊಂಡಿದ್ದ ಹೊತ್ತು ಅದು.

“ನೋಡು, ಈಗ ಮಧ್ಯೆ ಮಾತಾಡಬೇಡ” ಅಂತ ಶುರು ಮಾಡಿದರು. “ಮದುವೆಯಾದಾಗಿನಿಂದ ನನ್ನ ಬೆನ್ನ ಹಿಂದೆ ಕೂತು ಆಮೆ, ಬಸವನಹುಳ, ಏನೇನೋ ಅಂದೆ. ಒಂದು ಸಲ, ಒಂದೇ ಒಂದು ಸಲ, ನಾನು ಜೋರಾಗಿ ಹೋಗೋದನ್ನ ನೀನು ಕಣ್ಣಾರೆ ನೋಡಬೇಕು. ಅಷ್ಟೇ ನನ್ನಾಸೆ.”

ಟೈಲರಮ್ಮ ಪಿನ್ನುಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು. “ನಿಮ್ಮ ತಲೆ ಟ್ರ್ಯಾಕ್ ತಪ್ಪಿದೆ.”

“ತಪ್ಪಿತ್ತು. ಈಗ ಟ್ರ್ಯಾಕಿಗೆ ಬರ್ತಾ ಇದೆ.”

“ಹಾಗಾದ್ರೆ ನಾನೂ ಬರ್ತೀನಿ. ಇದನ್ನ ನೋಡದೆ ಬಿಟ್ಟರೆ ಇನ್ನೇಳು ಜನ್ಮಕ್ಕೂ ಸಿಗಲ್ಲ.”

ಗಾಡಿಯ ಶುದ್ಧೀಕರಣ ಮೂಲೆಯ ಮೆಕ್ಯಾನಿಕ್ಕನ ಅಂಗಡಿಯಲ್ಲಿ ಆರಂಭವಾಯಿತು. ಬ್ರೇಕಿಗೆ ಹೊಸ ಪ್ಯಾಡು, ಹೊಸ ಎಣ್ಣೆ. ಟಯರು ಸವೆದು ಬೋಳುತಲೆಯಾಗಿದ್ದವು, ಅವನ್ನೂ ಬದಲಾಯಿಸಿದ್ದಾಯಿತು. “ಚೈನು ಪೂರ್ತಿ ಸವೆದುಹೋಗಿದೆ, ಹೊಸದು ತರಬೇಕು ಕಣೇ” ಅಂತ ಮೇಷ್ಟ್ರು ಮನೆಯಲ್ಲಿ ಅಂದಾಗ ಟೈಲರಮ್ಮ ತನ್ನ ಕುತ್ತಿಗೆ ಮುಟ್ಟಿ ನೋಡಿಕೊಂಡು, “ಅಂತೂ ನಿಮ್ಮ ಕಣ್ಣಿಗೆ ಬಿತ್ತಲ್ಲ!” ಅಂತ ಅರಳಿದಳು. ಗಾಡಿಯ ಚೈನು ಅಂತ ಗೊತ್ತಾದ ಮೇಲೆ ಆ ಸಂಜೆ ಮನೆಯಲ್ಲಿ ಮಿಷನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಕನ್ನಡಿ ಬಿಚ್ಚಿದರು. ಹೆಡ್‌ಲೈಟಿಗೆ ಟೇಪು ಸುತ್ತಿದರು. ಅಲ್ಲಿಯವರೆಗೆ ಮೇಷ್ಟ್ರು ಕಲ್ಲಿನಂತೆ ನಿಂತಿದ್ದರು. ಮೆಕ್ಯಾನಿಕ್ಕು ಸ್ಪ್ಯಾನರ್ ಹಿಡಿದು ಇಂಡಿಕೇಟರಿಗೆ ಕೈ ಹಾಕಿದಾಗ ಮಾತ್ರ ಅಡ್ಡ ಬಂದರು.

“ಅಯ್ಯೋ, ಅದ್ಯಾಕಪ್ಪಾ?”

“ಟ್ರ್ಯಾಕಿನ ರೂಲ್ಸು ಮೇಷ್ಟ್ರೇ. ಗಾಡಿ ಬಿದ್ದರೆ ಒಡೆದು ಚೂರೆಲ್ಲ ದಾರೀಲಿ ಹರಡುತ್ತಂತೆ.”

“ಅಲ್ಲಯ್ಯಾ, ನಾನು ಎಡಕ್ಕೆ ತಿರುಗ್ತೀನಿ ಅಂತ ಹಿಂದಿನವರಿಗೆ ಹೇಗೆ ಗೊತ್ತಾಗಬೇಕು?”

“ಅಲ್ಲಿ ಎಲ್ಲರೂ ಎಡಕ್ಕೇ ತಿರುಗೋದು. ಬಲಕ್ಕೆ ಹೋದರೆ ಹುಲ್ಲುಗಾವಲು.”

ಆದರೂ ಇಂಡಿಕೇಟರಿಲ್ಲದ ಗಾಡಿ ಮೇಷ್ಟ್ರಿಗೆ ಮಾತು ಬಿದ್ದುಹೋದ ಮನುಷ್ಯನ ಹಾಗೆ ಕಂಡಿತು.

ಇನ್ನು ದೇಹದ ಸಿದ್ಧತೆ. ತಿರುವಿನಲ್ಲಿ ಗಾಡಿಯಿಂದ ಅರ್ಧ ಮೈ ಹೊರಗೆ ಇಳಿಬಿಟ್ಟು ಮೊಣಕಾಲನ್ನು ನೆಲದ ಹತ್ತಿರಕ್ಕೆ ತರಬೇಕಂತೆ. ಮೇಷ್ಟ್ರು ಸೋಫಾದ ಕೈಯನ್ನೇ ಗಾಡಿ ಮಾಡಿಕೊಂಡು ಅಭ್ಯಾಸಕ್ಕಿಳಿದರು. ಅಳತೆ ಕೊಡಲು ಬಂದ ಹೆಂಗಸೊಬ್ಬಳು ಒಳಗೆ ಇಣುಕಿದಾಗ ಅವರು ಸೋಫಾದಿಂದ ಜಾರಿ, ಒಂದು ಕಾಲು ಮೇಲೆ ಸಿಕ್ಕಿಸಿಕೊಂಡು, ತಲೆಯನ್ನು ಚಾಪೆಗೆ ಊರಿದ್ದರು.

“ಯಜಮಾನರಿಗೆ ಏನಾಗಿದೆ ಅಕ್ಕಾ?”

“ಎಡಕ್ಕೆ ತಿರುಗ್ತಾ ಇದಾರೆ” ಅಂದಳು ಟೈಲರಮ್ಮ, ಟೇಪು ಹಿಡಿದ ಕೈ ಅಲುಗಿಸದೆ.

ಆ ದಿನ ಬಂತು. ನಂಬರ್ ಪ್ಲೇಟಿಲ್ಲದ, ಮಾತು ಬಿದ್ದುಹೋದ ಗಾಡಿಯನ್ನು ಬಾಡಿಗೆ ವ್ಯಾನಿಗೆ ಏರಿಸಿಕೊಂಡು ಗಂಡ ಹೆಂಡತಿ ಟ್ರ್ಯಾಕ್ ಸೇರಿದರು. ಹೊಸಬರಿಗೆಲ್ಲ ಬಾಡಿಗೆಗೆ ಕಪ್ಪು ಚರ್ಮದ ಉಡುಪು ಕೊಟ್ಟರು, ಕುತ್ತಿಗೆಯಿಂದ ಕಾಲಿನವರೆಗೆ ಒಂದೇ ತುಂಡು. ಮೇಷ್ಟ್ರು ಹೊಟ್ಟೆ ಒಳಗೆಳೆದುಕೊಂಡರು, ಟೈಲರಮ್ಮ ಜಿಪ್ಪು ಮೇಲೆಳೆದಳು. ಅರ್ಧ ದಾರಿಯಲ್ಲಿ ನಿಂತಿತು. “ಉಸಿರು ಬಿಡಬೇಡಿ” ಅಂದಳು. “ಎಷ್ಟೊತ್ತು?” ಅಂದರು. “ಮನೆಗೆ ಹೋಗೋವರೆಗೆ!”

ಟ್ರ್ಯಾಕಿನ ಮೇಲ್ವಿಚಾರಕ ಎಲ್ಲರನ್ನೂ ನಿಲ್ಲಿಸಿ ನಿಯಮ ಹೇಳಿದ. “ಗಾಡಿ ಕೈಕೊಟ್ಟರೆ, ಮೈಗೆ ಹುಷಾರಿಲ್ಲದಿದ್ದರೆ, ಕೈ ಎತ್ತಿ. ತಕ್ಷಣ ನಮ್ಮ ಲಾರಿ ಬರುತ್ತೆ.” ಮೇಷ್ಟ್ರು ಗಂಭೀರವಾಗಿ ತಲೆಯಾಡಿಸಿದರು.

ಮೊದಲ ಸರದಿ. ಗಾಡಿ ಹೊರಟಿತು. ಟೈಲರಮ್ಮ ಬೇಲಿಗೆ ಆತು ನಿಂತಳು. ಮೊದಲನೇ ತಿರುವು ಬಂತು. ಇಂಡಿಕೇಟರ್ ಇಲ್ಲ! ಇಂಡಿಕೇಟರ್ ಇಲ್ಲದಾಗ ಏನು ಮಾಡಬೇಕು ಅಂತ ಅರ್ಧ ಊರಿಗೆ ಪಾಠ ಮಾಡಿದ ಬಲಗೈ ಯಾರನ್ನೂ ಕೇಳಲಿಲ್ಲ. ಆಕ್ಸಿಲರೇಟರ್ ಬಿಟ್ಟು ಎದ್ದು, ಗಾಳಿಯಲ್ಲಿ ಚೊಕ್ಕವಾಗಿ ಸುತ್ತು ಹಾಕಿ, ‘ಎಡಕ್ಕೆ ತಿರುಗುತ್ತಿದ್ದೇನೆ’ ಅಂತ ಸಾರಿತು. ಆಕ್ಸಿಲರೇಟರ್ ಬಿಟ್ಟ ಗಾಡಿ ಗಕ್ ಅಂತ ನಿಧಾನವಾಯಿತು. ಕೈ ಎದ್ದದ್ದನ್ನು ಕಂಡವರು ಬಾವುಟ ಬೀಸಿದರು. ಹಿಂದಿನವರೆಲ್ಲ ನಿಂತರು. ಲಾರಿ ಬಂತು.

“ಏನಾಯ್ತು ಸಾರ್? ಎಂಜಿನ್ನಾ? ಎದೆನೋವಾ?”

“ಏನಿಲ್ಲಪ್ಪ, ಎಡಕ್ಕೆ ತಿರುಗ್ತಿದ್ದೆ.”

ಎರಡನೇ ಸರದಿಗೆ ಮೇಷ್ಟ್ರು ಹಲ್ಲು ಕಚ್ಚಿಕೊಂಡು ಹೊರಟರು. ಮೊದಲ ತಿರುವನ್ನು ಗೆದ್ದರು. ಎರಡನೆಯದನ್ನೂ ಗೆದ್ದರು. ಮೂರನೆಯದರಲ್ಲಿ, ಹಿಂದಿನಿಂದ ಯಾರೋ ಹತ್ತಿರ ಬಂದ ಸದ್ದಾಯಿತು ನೋಡಿ, ಹಾಳು ಸೌಜನ್ಯ! ಕೈ ಎದ್ದು ‘ದಯವಿಟ್ಟು ಮುಂದೆ ಹೋಗಿ’ ಅಂತು. ಮತ್ತೆ ಬಾವುಟ, ಮತ್ತೆ ಲಾರಿ. ಲಾರಿಯ ಡ್ರೈವರು ಕಿಟಕಿಯಿಂದ ಬಗ್ಗಿ ನೋಡಿ, “ಅರೆ, ನಮಸ್ಕಾರ ಮೇಷ್ಟ್ರೇ! ನಾನು ನಿಮ್ಮ ಸ್ಕೂಲಲ್ಲೇ ಕಲ್ತಿದ್ದು” ಅಂದ. ಭೂಮಿ ಬಾಯಿ ಬಿಡಲಿಲ್ಲ.

“ಯಜಮಾನ್ರೇ, ಇನ್ನೊಂದೇ ಸರದಿ ಉಳಿದಿರೋದು” ಅಂದ ಮೇಲ್ವಿಚಾರಕ. “ಇನ್ನೊಂದು ಸಲ ಸುಮ್ಮನೆ ಕೈ ಎತ್ತಿದರೆ ಹೊರಗೆ ಕಳಿಸಿಬಿಡ್ತೀನಿ.”

ಮೇಷ್ಟ್ರು ಶೆಡ್ಡಿನ ಮೂಲೆಯಲ್ಲಿ ಟಯರಿನ ಮೇಲೆ ಕುಕ್ಕರಿಸಿದರು. “ಸಾಕು, ಮನೆಗೆ ಹೋಗೋಣ. ನನ್ನ ಹಣೇಲಿ ಜೋರು ಬರೆದಿಲ್ಲ. ಈ ಕೈ ನನ್ನ ಮಾತು ಕೇಳಲ್ಲ.”

ಟೈಲರಮ್ಮನಿಗೆ ನಗು ಬರಬೇಕಿತ್ತು. ಬರಲಿಲ್ಲ. ಗಂಡನ ಮುಖವನ್ನೊಮ್ಮೆ ನೋಡಿದಳು. ಜಂಬದ ಚೀಲದಿಂದ ಹತ್ತಿರದ ಕೆಲಸಕ್ಕೆ ಹಾಕುವ ಕನ್ನಡಕ ತೆಗೆದು ಮೂಗಿಗೇರಿಸಿದಳು. ಆಮೇಲೆ ದಪ್ಪ ಸೂಜಿ, ಗಟ್ಟಿ ದಾರ.

“ಎದ್ದು ನಿಂತ್ಕೊಳ್ಳಿ. ಗಾಡಿ ಹಿಡಿಯೋ ಹಾಗೆ ಕೈ ಮುಂದೆ ಚಾಚಿ.”

“ಏನೇ ಮಾಡ್ತೀಯಾ?”

“ನಿಮ್ಮ ಮಾತು ಕೇಳದಿದ್ದರೇನು, ನನ್ನ ಮಾತು ಕೇಳುತ್ತೆ.”

ಉಡುಪಿನ ಕಂಕುಳ ಕೆಳಗೆ ಚರ್ಮದ ಬದಲು ಹಿಗ್ಗುವ ಬಟ್ಟೆ ಇತ್ತು. ತೋಳಿನ ಆ ಬಟ್ಟೆಯನ್ನು ಪಕ್ಕೆಯ ಬಟ್ಟೆಗೆ ಸೇರಿಸಿ ಟೈಲರಮ್ಮ ಬಿಗಿಯಾಗಿ ಹೊಲಿದಳು. ಹ್ಯಾಂಡಲ್ಲು ಸಿಗುತ್ತದೆ, ಬ್ರೇಕು ಸಿಗುತ್ತದೆ, ಆಕಾಶ ಮಾತ್ರ ಸಿಗುವುದಿಲ್ಲ. “ಎಡಗೈಗೂ ಯಾಕೆ?” ಅಂದರು ಮೇಷ್ಟ್ರು. “ಅಣ್ಣನ್ನ ಕಟ್ಟಿಹಾಕಿದ್ರೆ ತಮ್ಮ ಏಳ್ತಾನೆ” ಅಂದು ಅದಕ್ಕೂ ಹಾಕಿದಳು. “ಉಡುಪು ಬಾಡಿಗೇದು ಕಣೇ!” “ಎರಡು ಕತ್ತರಿ ಏಟು, ಬಿಚ್ಚಿದ್ದೂ ಗೊತ್ತಾಗಲ್ಲ. ಹೋಗಿ. ಹುಷಾರು.”

ಹೊರಟರು ಮೇಷ್ಟ್ರು! ಮೊದಲ ತಿರುವಿನಲ್ಲಿ ಬಲಗೈ ತುಡಿಯಿತು, ಹೊಲಿಗೆ ಜಗ್ಗಿತು, ಕೈ ತೆಪ್ಪಗಾಯಿತು. ಎರಡನೇ ತಿರುವಿನಲ್ಲಿ ಕೈ ಏಳುವ ಆಸೆಯನ್ನೇ ಬಿಟ್ಟಿತು. ಸ್ಪೀಡು ತೋರಿಸುವ ಮೀಟರಿಗೂ ಟೇಪು ಸುತ್ತಿದ್ದರಿಂದ ಎಷ್ಟು ಜೋರು ಅಂತ ತಿಳಿಯುವಂತಿರಲಿಲ್ಲ. ಆದರೆ ಗಾಳಿ ಎದೆಗೆ ಗುದ್ದುತ್ತಿತ್ತು, ಬದಿಯ ಹುಲ್ಲೆಲ್ಲ ಒಂದೇ ಹಸಿರು ಗೀಟಾಗಿ ಓಡುತ್ತಿತ್ತು. ಹೆಲ್ಮೆಟ್ಟಿನೊಳಗೆ ಯಾರೋ ಕೇಕೆ ಹಾಕುತ್ತಿದ್ದರು. ಅದು ತಾವೇ ಅಂತ ಗೊತ್ತಾಗಲು ಮೇಷ್ಟ್ರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಕೆಲವರು ಝುಯ್ ಅಂತ ದಾಟಿ ಹೋದರು. ಹೋಗಲಿ ಬಿಡಿ, ಹುಡುಗರು. ಬೇಲಿಯ ಹತ್ತಿರ ಬಂದಾಗಲೆಲ್ಲ ಹೆಂಡತಿ ಕುಣಿದು ಕುಪ್ಪಳಿಸುತ್ತಿರುವುದು ಕಂಡಿತು. ಸಾಕು, ಜನ್ಮ ಸಾರ್ಥಕ.

ಸರದಿ ಮುಗಿಸಿ ಶೆಡ್ಡಿಗೆ ಬಂದು ಹೆಲ್ಮೆಟ್ಟಿನಿಂದ ತಲೆ ಬಿಡಿಸಿಕೊಳ್ಳಲಾಗದೆ ಒದ್ದಾಡುತ್ತಿದ್ದಾಗ ಟೈಲರಮ್ಮ ಓಡಿ ಬಂದಳು, ಹೆಲ್ಮೆಟ್ಟು ಕಿತ್ತಳು. ಕಣ್ಣಲ್ಲಿ ನೀರು.

“ನೋಡಿದ್ಯಾ?” ಅಂದರು ಮೇಷ್ಟ್ರು.

“ನೋಡ್ದೆ ಕಣ್ರೀ! ಕೆಂಪು ಗಾಡಿ ಕಂಡ ಕೂಡ್ಲೇ ನೀವೇ ಅಂತ ಗೊತ್ತಾಯ್ತು. ಅದೇನು ವೇಗ! ಆ ಕೊನೇ ತಿರುವಲ್ಲಿ ಮೊಣಕಾಲು ನೆಲಕ್ಕೆ ತಾಗಿಸಿಬಿಟ್ರಲ್ಲ, ನನ್ನ ಜೀವ ಬಾಯಿಗೆ ಬಂತು!”

ಮೊಣಕಾಲು? ಅವರ ಮೊಣಕಾಲು ಇಡೀ ದಿನ ಟ್ಯಾಂಕನ್ನು ಬಿಟ್ಟು ಬೆರಳಗಲವೂ ಅಲುಗಿರಲಿಲ್ಲ. ಆಗ ನೋಡಿದರು. ಹೆಂಡತಿಯ ಮೂಗಿನ ಮೇಲೆ ಇನ್ನೂ ಆ ಹೊಲಿಗೆಯ ಕನ್ನಡಕವೇ ಇತ್ತು. ಅದನ್ನು ಹಾಕಿಕೊಂಡರೆ ಅವಳಿಗೆ ಸೂಜಿಯ ಕಣ್ಣು ಬಾವಿಯಷ್ಟು ಕಾಣುತ್ತದೆ, ಆಚೆಮನೆ ಮಾತ್ರ ಮಸುಕು ಮಸುಕು. ಪಕ್ಕದಲ್ಲಿ ಇನ್ನೊಬ್ಬ, ಅದೇ ಕಪ್ಪು ಉಡುಪಿನವನು, ತನ್ನ ಕೆಂಪು ಗಾಡಿಯನ್ನು ನಿಲ್ಲಿಸಿ ಮೊಣಕಾಲಿನ ಧೂಳು ಕೊಡವಿಕೊಳ್ಳುತ್ತಿದ್ದ.

ಹೇಳಿಬಿಡೋಣವೇ ಅಂತ ಬಾಯಿ ತೆರೆದರು. ಆದರೆ ಅವಳ ಮುಖದಲ್ಲಿ ಅಷ್ಟೊಂದು ಹೆಮ್ಮೆಯಿತ್ತು. ಮದುವೆಯ ಫೋಟೋದಲ್ಲೂ ಇಷ್ಟಿರಲಿಲ್ಲ. ಬಾಯಿ ಮುಚ್ಚಿಕೊಂಡರು.

“ಇನ್ಮೇಲೆ ನಿಮಗೆ ಆಮೆ ಅಂದ್ರೆ ನನ್ನ ನಾಲಿಗೆ ಸೇದಿಹೋಗಲಿ. ಇಷ್ಟು ಜೋರು ಗೊತ್ತಿದ್ದೂ ನಾನು ಹಿಂದೆ ಕೂತಾಗ ನಿಧಾನ ಹೋಗ್ತಿದ್ರಲ್ಲ, ಅದು ನನ್ನ ಮೇಲಿನ ಪ್ರೀತಿ ಅಂತ ಈಗ ಗೊತ್ತಾಯ್ತು.”

“ಹೂಂ ಮತ್ತೆ” ಅಂದರು ಮೇಷ್ಟ್ರು. ಎದೆಯೊಳಗೆ ತಂಪಾಯಿತು. ಯಾರದೋ ಮೊಣಕಾಲು, ಯಾರದೋ ಪುಣ್ಯ.

“ಆದ್ರೆ ನಿಮ್ಮ ಹಿಂದೆ ಇನ್ನೊಂದು ಕೆಂಪು ಗಾಡಿ ಇತ್ತು ನೋಡಿ” ಅಂತ ಟೈಲರಮ್ಮ ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡಳು. “ಪಾಪ, ಯಾರೋ ಬಡಪಾಯಿ! ಎರಡೂ ಕಂಕುಳಲ್ಲಿ ಛತ್ರಿ ಸಿಕ್ಕಿಸ್ಕೊಂಡ ಹಾಗೆ ಕೂತಿದ್ದ. ಎಲ್ಲರೂ ದಾಟಿಕೊಂಡು ಹೋಗೋರೇ. ಒಂದು ಸಲ ನಡೆದುಕೊಂಡು ಹೋಗ್ತಿದಾನೇನೋ ಅನ್ಕೊಂಡೆ. ಅವನಿಗೆ ಗಾಡಿ ಕಲಿಸಿದ ಪುಣ್ಯಾತ್ಮ ಯಾವನಪ್ಪಾ!”

ಮೇಷ್ಟ್ರು ಹಣೆ ಹಣೆ ಚಚ್ಚಿಕೊಳ್ಳೋಣ ಅಂತ ನೋಡಿದರು. ಕೈ ಏಳಲಿಲ್ಲ.